ಹದಿನೈದು ಗಂಟೆಯ ಗೆರೆ

ಮ್ಯೂನಿಕ್ ನಗರದಲ್ಲಿ ನೆಲೆಸಿರುವ ಇಬ್ಬರು ಕನ್ನಡಿಗರ ಮಾತುಕತೆ ಇದು. ಆಕೆ ಜರ್ಮನಿಗೆ ಬಂದು ಬಹಳ ವರ್ಷಗಳಾದವು. ಅನುವಾದ ಆಕೆಯ ಸ್ವತಂತ್ರ ವೃತ್ತಿ, ಹೊಸದಾಗಿ ಬಂದವರ ಕಾಗದಪತ್ರಗಳಿಗೆ ನೆರವಾಗುವುದು ರೂಢಿ. ಆತ ತಂತ್ರಾಂಶಗಳಿಗೆ ಕೈಪಿಡಿ ಬರೆಯುವವನು. ಕಂಪನಿ ಸಿಬ್ಬಂದಿಯನ್ನು ಕಡಿಮೆ ಮಾಡಿದಾಗ ಕೆಲಸ ಕಳೆದುಕೊಂಡ. ಇಬ್ಬರಿಗೂ ರಕ್ತಸಂಬಂಧವಿಲ್ಲ, ಪರದೇಶದಲ್ಲಿ ಅಕ್ಕ ತಮ್ಮ ಆಗಿದ್ದಾರೆ.

ತಮ್ಮ: ಅಕ್ಕಾ, ನೇರವಾಗಿ ಕೇಳಿಬಿಡ್ತೀನಿ. ನಿರುದ್ಯೋಗ ಭತ್ಯೆ ತಗೊಳ್ತಾ ಇರೋನು ಫ್ರೀಲಾನ್ಸ್ ಕೆಲಸ ಮಾಡಬಹುದಾ, ಮಾಡಬಾರದಾ?

ಅಕ್ಕ: ಮಾಡಬಹುದು. ವಾರಕ್ಕೆ 15 ಗಂಟೆ ಮುಟ್ಟಬಾರದು. ಶುರು ಮಾಡೋಕೆ ಮೊದಲೇ ಉದ್ಯೋಗ ಕಚೇರಿಗೆ ತಿಳಿಸಬೇಕು. ಬಂದ ದುಡ್ಡಿನ ಲೆಕ್ಕ ಕೊಡಬೇಕು. ಆದರೆ ಇಷ್ಟು ಅವರು ಕೊಡೋ ಕಿರುಪುಸ್ತಕದಲ್ಲೇ ಇರುತ್ತಲ್ಲ. ನಿನ್ನ ಮನಸ್ಸಲ್ಲಿ ಇರೋದು ಬೇರೆ ಏನೋ.

ತಮ್ಮ: ಇದೆ. ನಿನ್ನೆ ಅಪ್ಪ ತುಮಕೂರಿಂದ ಫೋನ್ ಮಾಡಿದ್ದರು. ಸಂಬಳ ಇಲ್ಲ, ಸರ್ಕಾರ ತಿಂಗಳಿಗೆ ಇಷ್ಟು ಕೊಡುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೈಕಾಲು ಗಟ್ಟಿ ಇರೋವಾಗ ಯಾಕಪ್ಪ ಅದು" ಅಂದರು. ಅಷ್ಟೇ. ಬೈದಿದ್ದರೆ ಇಷ್ಟು ನಾಟ್ತಿರಲಿಲ್ಲ. ಅದಕ್ಕೇ ಅಂದುಕೊಂಡೆ, ಭತ್ಯೆನೇ ಬೇಡ ಅಂತ ಬರೆದುಕೊಟ್ಟು, ಫ್ರೀಲಾನ್ಸ್ ಮಾಡಿ ಬದುಕಿಬಿಡೋಣ ಅಂತ.

ಅಕ್ಕ: ಅಪ್ಪನ ಮಾತನ್ನ ನಾನು ತಳ್ಳಿಹಾಕಲ್ಲ. ದುಡಿದು ತಿಂದವರ ಮಾತು ಅದು. ಆದರೆ ಇದು ಸರ್ಕಾರ ಕನಿಕರಪಟ್ಟು ಕೊಡೋ ದುಡ್ಡು ಅಂತ ಅವರು ತಿಳಿದಿದ್ದಾರೆ. ನೀನೂ ಹಾಗೇ ಹೇಳಿದ್ದೀಯ. ನಿನ್ನ ಹಳೇ ಸಂಬಳದ ಚೀಟಿ ತೆಗೆದು ನೋಡು. ನಿನ್ನ ಸಂಬಳ ತಿಂಗಳಿಗೆ 5,600 ಯೂರೋ ಇತ್ತು ಅಂದಿದ್ದೆ. ಅದರಲ್ಲಿ ನಿರುದ್ಯೋಗ ವಿಮೆಯ ವಂತಿಗೆ 2.6 ಪ್ರತಿಶತ. ಅರ್ಧ ನಿನ್ನದು, ಅರ್ಧ ಕಂಪನಿದು. ಅಂದರೆ ತಿಂಗಳು ತಿಂಗಳೂ ನಿನ್ನ ಸಂಬಳದಿಂದ ಸುಮಾರು 73 ಯೂರೋ ಹೋಗಿದೆ, ಕಂಪನಿ ಇನ್ನೊಂದು 73 ಸೇರಿಸಿದೆ. ನೀನು ಎರಡೂವರೆ ವರ್ಷ ಕಟ್ಟಿದ್ದೀಯ.

ತಮ್ಮ: ನಾನು ಕಟ್ಟಿದ್ದಕ್ಕಿಂತ ಜಾಸ್ತಿ ವಾಪಸ್ ಬರ್ತಾ ಇದೆಯಲ್ಲ.

ಅಕ್ಕ: ವಿಮೆ ಅಂದರೆ ಅದೇ. ಕೆಲಸ ಕಳೆದುಕೊಳ್ಳದ ಎಷ್ಟೋ ಜನ ಕಟ್ಟಿದ್ದು ನಿನಗೆ ಬರ್ತಿದೆ. ನಾಳೆ ನೀನು ಇಪ್ಪತ್ತು ವರ್ಷ ದುಡಿದು ಕಟ್ಟಿದ್ದು ಇನ್ಯಾರಿಗೋ ಹೋಗುತ್ತೆ. ಈ ವಿಮೆಯ ಕಾನೂನು 1927ರ ಜುಲೈನಲ್ಲಿ ಬಂದದ್ದು, ವೈಮಾರ್ ಗಣರಾಜ್ಯದ ಕಾಲದಲ್ಲಿ. ಅದಕ್ಕೂ ಮೊದಲು ಕೆಲಸ ಹೋದವನು ತಾನು ಬಡವ ಅಂತ ಸಾಬೀತು ಮಾಡಿ ನೆರವು ಬೇಡಬೇಕಿತ್ತು. 1927ರಿಂದ ಇದು ಮಾಲೀಕ, ಕಾರ್ಮಿಕ ಇಬ್ಬರೂ ಕಟ್ಟೋ ವಿಮೆ, ಕಟ್ಟಿದವನಿಗೆ ಹಕ್ಕು ಅಂತಾಯ್ತು. ಆ ಹಕ್ಕು ಸುಲಭವಾಗಿ ಉಳಿದದ್ದೂ ಅಲ್ಲ. ಮೂರೇ ವರ್ಷದಲ್ಲಿ, ಜಗತ್ತಿನ ಆರ್ಥಿಕ ಕುಸಿತದ ಹೊತ್ತಲ್ಲಿ, ವಂತಿಗೆ ಎಷ್ಟು ಏರಿಸಬೇಕು ಅನ್ನೋ ಜಗಳಕ್ಕೆ ಹರ್ಮನ್ ಮ್ಯುಲ್ಲರ್ ಅವರ ಸಮ್ಮಿಶ್ರ ಸರ್ಕಾರ 1930ರ ಮಾರ್ಚ್‌ನಲ್ಲಿ ಬಿದ್ದುಹೋಯ್ತು. ವೈಮಾರ್ ಸಂಸತ್ತಿನಲ್ಲಿ ಬಹುಮತದ ಮೇಲೆ ನಿಂತ ಕೊನೇ ಸರ್ಕಾರ ಅದು. ಆಮೇಲೆ ಏನಾಯ್ತು ಅಂತ ನಿನಗೂ ಗೊತ್ತು. ಸಂಬಳದ ಚೀಟಿಯ ಆ ಒಂದು ಸಾಲನ್ನ ನಾನು ಹಗುರವಾಗಿ ನೋಡಲ್ಲ. ಹಕ್ಕಿನ ದುಡ್ಡನ್ನ ನಾಚಿಕೆಯಿಂದ ಬಿಟ್ಟುಬಿಡೋದು ಸ್ವಾಭಿಮಾನ ಅಲ್ಲ. ನಾಳೆ ಕೆಲಸ ಕಳೆದುಕೊಂಡ ಇನ್ನೊಬ್ಬ ಹುಡುಗನೂ ನಿನ್ನ ನೋಡಿ ತಲೆ ತಗ್ಗಿಸಿಕೊಳ್ತಾನೆ, ಅಷ್ಟೇ.

ತಮ್ಮ: ಊರಲ್ಲಿ ಅತ್ತೆ ಮಗ ಯುವನಿಧಿ ತಗೊಳ್ತಾನೆ, ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡೋದು, ತಿಂಗಳಿಗೆ 3,000 ರೂಪಾಯಿ. ಮದುವೆ ವಿಡಿಯೋ ಎಡಿಟ್ ಮಾಡಿಕೊಡ್ತಾನೆ, ಅದರಿಂದಲೂ ಅಷ್ಟಿಷ್ಟು ಬರುತ್ತೆ. ಅಪ್ಪನ ಕಣ್ಣಿಗೆ ಅವನೂ ನಾನೂ ಒಂದೇ.

ಅಕ್ಕ: ಒಂದೇ ಅಲ್ಲ, ಆದರೆ ಅವನ ಸಂಕಟ ನಿನ್ನದಕ್ಕಿಂತ ದೊಡ್ಡದು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಶುರುವಾದ ಯೋಜನೆ ಅದು. ಖಜಾನೆಯಿಂದ ಬರೋ ಸಹಾಯಧನ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ನನಗೆ ಉದ್ಯೋಗ ಇಲ್ಲ ಅಂತ ಫಲಾನುಭವಿ ಆಗಾಗ ಸ್ವಯಂ ಘೋಷಣೆ ಕೊಡಬೇಕು. ಸ್ವಲ್ಪ ದುಡಿದರೆ ಸ್ವಲ್ಪ ಕಡಿತ ಅನ್ನೋ ಲೆಕ್ಕ ಅಲ್ಲಿಲ್ಲ. ಉದ್ಯೋಗ ಇದೆ, ಇಲ್ಲ, ಎರಡೇ ಉತ್ತರ. ಮದುವೆ ಕಾಲದಲ್ಲಿ ಕೈತುಂಬ ಕೆಲಸ ಇದ್ದು ಆಷಾಢದಲ್ಲಿ ಖಾಲಿ ಕೂರೋ ಹುಡುಗ ಯಾವ ಉತ್ತರ ಬರೀಬೇಕು? ಅವನ ಬದುಕಿಗೆ ಆ ಅರ್ಜಿಯಲ್ಲಿ ಜಾಗ ಇಲ್ಲ. ಇಲ್ಲಿನ ಕಾನೂನಿನಲ್ಲಿ ಇಕ್ಕಟ್ಟಾದರೂ ಒಂದು ಜಾಗ ಇದೆ. ಆ ಜಾಗ ಎಷ್ಟಿದೆ ಅಂತ ನೋಡೋಣ. ಈಗ ಹೇಳು, ಕೆಲಸ ಕೊಡ್ತಿರೋರು ಯಾರು?

ತಮ್ಮ: ಬೆಂಗಳೂರಿನ ಒಂದು ಸಣ್ಣ ಕಂಪನಿ. ಆಸ್ಪತ್ರೆ ಉಪಕರಣಕ್ಕೆ ಕೈಪಿಡಿ ಬರೀಬೇಕು. ಒಟ್ಟು 160 ಗಂಟೆಯ ಕೆಲಸ, 4,800 ಯೂರೋ ಕೊಡ್ತಾರೆ. ದುಡ್ಡನ್ನ ನನ್ನ ಇಂಡಿಯಾ ಖಾತೆಗೇ ಹಾಕ್ತಾರಂತೆ. ಇಲ್ಲಿನ ಗೆಳೆಯ ಒಬ್ಬ ಹೇಳಿದ, ಅಲ್ಲಿ ಬಂದ ದುಡ್ಡು ಇಲ್ಲಿ ಯಾರಿಗೆ ಕಾಣುತ್ತೆ, ಸುಮ್ಮನೆ ಮಾಡಿಕೋ ಅಂತ.

ಅಕ್ಕ: ಆ ಗೆಳೆಯನ ಮಾತು ಕೇಳಬೇಡ. ನೀನು ಕೂತು ಬರೆಯೋದು ಮ್ಯೂನಿಕ್‌ನಲ್ಲಿ. ದುಡ್ಡು ಯಾವ ಊರಿನ ಬ್ಯಾಂಕಿಗೆ ಬಿತ್ತು ಅನ್ನೋದು ಲೆಕ್ಕಕ್ಕೆ ಬರಲ್ಲ. ಇಲ್ಲಿ ವಾಸ ಇರೋನು ಜಗತ್ತಿನ ಯಾವ ಮೂಲೆಯಿಂದ ಸಂಪಾದಿಸಿದರೂ ಇಲ್ಲಿನ ತೆರಿಗೆ ಇಲಾಖೆಗೆ ಹೇಳಬೇಕು. ಇಂಡಿಯಾ, ಜರ್ಮನಿ ಎರಡೂ ಪರದೇಶದಲ್ಲಿ ವಾಸ ಇರೋರ ಬ್ಯಾಂಕ್ ಖಾತೆಗಳ ವಿವರವನ್ನ ತಾವಾಗೇ ವಿನಿಮಯ ಮಾಡಿಕೊಳ್ಳೋ ಒಪ್ಪಂದದಲ್ಲಿವೆ. ಇನ್ನೊಂದು ಕಡೆ ಉದ್ಯೋಗ ಕಚೇರಿ ನಿನಗೆ ಕೊಟ್ಟ ಭತ್ಯೆಯ ಮೊತ್ತವನ್ನ ಗಣಕದ ಮೂಲಕ ತೆರಿಗೆ ಇಲಾಖೆಗೆ ಕಳಿಸುತ್ತೆ, ಯಾಕಂದರೆ ಭತ್ಯೆಗೆ ತೆರಿಗೆ ಇಲ್ಲದಿದ್ದರೂ ಉಳಿದ ಆದಾಯದ ತೆರಿಗೆ ದರವನ್ನ ಅದು ಏರಿಸುತ್ತೆ. ವರ್ಷದ ಕೊನೆಗೆ ನಿನ್ನ ಒಂದೇ ತೆರಿಗೆ ರಿಟರ್ನ್‌ನಲ್ಲಿ ಭತ್ಯೆಯೂ ಫ್ರೀಲಾನ್ಸ್ ಆದಾಯವೂ ಅಕ್ಕಪಕ್ಕ ಕೂರುತ್ತವೆ. ಆ ಆದಾಯ ಬಚ್ಚಿಟ್ಟೆ ಅಂದರೆ ಎರಡು ಕಡೆ ಸುಳ್ಳು ಹೇಳಿದ ಹಾಗೆ. ಸಿಕ್ಕಿಬಿದ್ದರೆ ಭತ್ಯೆ ವಾಪಸ್ ಕಟ್ಟಬೇಕು, ದಂಡ ಬೀಳಬಹುದು, ಬೇಕಂತಲೇ ಮುಚ್ಚಿಟ್ಟದ್ದು ಅಂತಾದರೆ ವಂಚನೆಯ ಕ್ರಿಮಿನಲ್ ಮೊಕದ್ದಮೆ. ಬ್ಲೂ ಕಾರ್ಡ್ ಅನ್ನೋ ವಾಸದ ಪರವಾನಗಿ ಮೇಲೆ ಇರೋನಿಗೆ ಕ್ರಿಮಿನಲ್ ದಾಖಲೆ ಅಂದರೆ ಏನು ಅಂತ ನಾನು ಹೇಳಬೇಕಾ?

ತಮ್ಮ: ಬೇಡ. ಹಾಗಾದರೆ ಬಾಯಿ ಬಿಟ್ಟು ಹೇಳಿದರೆ ಏನು ಉಳಿಯುತ್ತೆ? 165 ಯೂರೋ ಮೇಲೆ ಬಂದದ್ದೆಲ್ಲ ಕಡಿತ ಅಂತ ಕೇಳಿದ್ದೀನಿ.

ಅಕ್ಕ: ಸಂಬಳಕ್ಕೆ ಸಣ್ಣ ಕೆಲಸ ಮಾಡೋನಿಗೆ ಹಾಗೇ. ತಿಂಗಳಿಗೆ ಕೈಗೆ ಬಂದದ್ದರಲ್ಲಿ 165 ಬಿಟ್ಟು ಉಳಿದದ್ದಷ್ಟೂ ಭತ್ಯೆಯಿಂದ ಹೋಗುತ್ತೆ. ಸ್ವತಂತ್ರ ವೃತ್ತಿಯವನಿಗೆ ಲೆಕ್ಕ ಸ್ವಲ್ಪ ಬೇರೆ. ಬಂದ ಬಿಲ್ಲಿನ ಮೊತ್ತದಲ್ಲಿ 30 ಪ್ರತಿಶತ ವೃತ್ತಿ ಖರ್ಚು ಅಂತ ಸಗಟಾಗಿ ಬಿಡ್ತಾರೆ, ರಸೀದಿ ಕೇಳಲ್ಲ. ಖರ್ಚು ಅದಕ್ಕಿಂತ ಜಾಸ್ತಿ ಇದ್ದರೆ ರಸೀದಿ ಇಟ್ಟು ತೋರಿಸಬಹುದು. ನಿನಗೆ ಭತ್ಯೆ ದಿನಕ್ಕೆ 70 ಯೂರೋ, ತಿಂಗಳಿಗೆ 2,100 ಅಲ್ಲವಾ? ಒಂದು ತಿಂಗಳು ನೀನು 600 ಯೂರೋ ಬಿಲ್ ಮಾಡಿದೆ ಅಂತಿಟ್ಟುಕೋ. ಖರ್ಚಿಗೆ 180 ಬಿಟ್ಟರೆ 420. ಅದರಲ್ಲಿ 165 ನಿನ್ನದು. ಉಳಿದ 255 ಭತ್ಯೆಯಿಂದ ಕಡಿತ. ಭತ್ಯೆ 1,845 ಬರುತ್ತೆ, ಬಿಲ್ಲಿನ 600 ಸೇರಿ 2,445. ಅಂದರೆ 600ಕ್ಕೆ ದುಡಿದು ತೆರಿಗೆಗೆ ಮೊದಲು ನಿನಗೆ ಹೆಚ್ಚಿಗೆ ಸಿಕ್ಕಿದ್ದು 345.

ತಮ್ಮ: ಪರವಾಗಿಲ್ಲ ಅನ್ನಿಸುತ್ತೆ.

ಅಕ್ಕ: ಸಣ್ಣ ಬಿಲ್ಲಿಗೆ ಪರವಾಗಿಲ್ಲ. ತಿಂಗಳಿಗೆ ಸುಮಾರು 235 ಯೂರೋವರೆಗೆ ಒಂದು ಸೆಂಟ್ ಕಡಿತ ಇಲ್ಲ. ಅಲ್ಲಿಂದ ಮೇಲೆ ಪ್ರತಿ 100ಕ್ಕೆ 70 ಹೋಗುತ್ತೆ. ಈ 165 ಅನ್ನೋ ಅಂಕಿ ಇಪ್ಪತ್ತು ವರ್ಷ ದಾಟಿದರೂ ಬದಲಾಗಿಲ್ಲ. ಅಷ್ಟರಲ್ಲಿ ಈ ಊರಿನ ಬಾಡಿಗೆ ಎಲ್ಲಿಗೆ ಹೋಯ್ತು, ರೊಟ್ಟಿಯ ಬೆಲೆ ಎಲ್ಲಿಗೆ ಹೋಯ್ತು! ಕನಿಷ್ಠ ಕೂಲಿ ಏರಿಸ್ತಾರೆ, ಸಣ್ಣ ಕೆಲಸದ ಸಂಬಳದ ಮಿತಿ ಏರಿಸ್ತಾರೆ, ಇದನ್ನ ಮಾತ್ರ ಮುಟ್ಟಿಲ್ಲ. ನನಗೆ ಇದರ ಬಗ್ಗೆ ನಿಜವಾಗಲೂ ಸಿಟ್ಟಿದೆ.

ತಮ್ಮ: ಒಬ್ಬರಿಗೆ ತಿಂಗಳಿಗೆ 500 ಬಂದರೂ ಕಡಿತ ಆಗಲಿಲ್ಲವಂತೆ. ಅದು ಹೇಗೆ?

ಅಕ್ಕ: ಅವರು ಕೆಲಸದಲ್ಲಿದ್ದಾಗಲೇ ಜೊತೆಗೆ ಫ್ರೀಲಾನ್ಸ್ ಮಾಡ್ತಿದ್ದಿರಬೇಕು. ಭತ್ಯೆ ಶುರುವಾಗೋಕೆ ಮುಂಚಿನ 18 ತಿಂಗಳಲ್ಲಿ ಕನಿಷ್ಠ 12 ತಿಂಗಳು, ನೌಕರಿಯ ಪಕ್ಕದಲ್ಲೇ ವಾರಕ್ಕೆ 15 ಗಂಟೆಗಿಂತ ಕಡಿಮೆ ಸ್ವಂತ ಕೆಲಸ ಮಾಡಿದ್ದರೆ, ಅದರಿಂದ ಬರ್ತಿದ್ದ ಸರಾಸರಿ ಆದಾಯ ಹಾಗೇ ಉಳಿಯುತ್ತೆ. ನೌಕರಿ ಹೋಯ್ತು, ಪಕ್ಕದ ಕೆಲಸ ಹೋಗಿಲ್ಲವಲ್ಲ ಅನ್ನೋದು ಅದರ ಹಿಂದಿನ ನ್ಯಾಯ. ನೌಕರಿಯಲ್ಲಿ ಗಟ್ಟಿಯಾಗಿರೋ ನಮ್ಮ ಹುಡುಗರಿಗೆ ಇದನ್ನ ಹೇಳ್ತಾನೇ ಇರ್ತೀನಿ. ಮಾಲೀಕರಿಗೆ ತಿಳಿಸಿ, ವೀಸಾ ಒಪ್ಪಿಗೆ ತಗೊಂಡು, ಸಣ್ಣದಾಗಿ ಏನಾದರೂ ಇಟ್ಟುಕೊಂಡಿರಿ ಅಂತ. ಕೆಲಸ ಚೆನ್ನಾಗಿರೋವಾಗ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ತಮ್ಮ: ನನಗೆ ಅದು ಇಲ್ಲ. ಬಿಡಿ. ಈಗ ಗಂಟೆಗಳ ಮಾತಿಗೆ ಬರೋಣ. ಬೆಂಗಳೂರಿನವರ ಕೆಲಸ ಒಂದು ವಾರ ಐದು ಗಂಟೆ ಇರುತ್ತೆ, ಇನ್ನೊಂದು ವಾರ ಅವರ ಇಂಜಿನಿಯರ್ ಎಲ್ಲ ಒಟ್ಟಿಗೆ ಕಳಿಸಿದರೆ ಇಪ್ಪತ್ತೈದು ಆಗಿಬಿಡುತ್ತೆ. ಸರಾಸರಿ ತಗೊಂಡರೆ 15ರ ಒಳಗೇ.

ಅಕ್ಕ: ಕಾನೂನಿಗೆ ಸರಾಸರಿ ಗೊತ್ತಿಲ್ಲ. ವಾರಕ್ಕೆ 15 ಗಂಟೆಗಿಂತ ಕಡಿಮೆ ಅನ್ನುತ್ತೆ. 15 ಮುಟ್ಟಿದರೆ ನೀನು ನಿರುದ್ಯೋಗಿ ಅಲ್ಲ, ಆ ಹೊತ್ತಿಗೆ ಭತ್ಯೆಯ ಹಕ್ಕು ಇಲ್ಲ. ಎರಡು ಮೂರು ಕಡೆ ಸ್ವಲ್ಪ ಸ್ವಲ್ಪ ಮಾಡಿದರೆ ಎಲ್ಲ ಕೂಡಿಸ್ತಾರೆ. ಬರೆಯೋ ಸಮಯ ಮಾತ್ರ ಅಲ್ಲ, ಗಿರಾಕಿ ಜೊತೆ ಮಾತಾಡೋದು, ಮೊದಲು ಓದಿಕೊಳ್ಳೋದು, ಆಮೇಲೆ ತಿದ್ದೋದು ಎಲ್ಲ ಕೆಲಸದ ಸಮಯವೇ. ಅಪರೂಪಕ್ಕೊಮ್ಮೆ, ಸ್ವಲ್ಪ ಕಾಲ ಮಿತಿ ದಾಟಿದರೆ ಗಣನೆಗೆ ತಗೊಳ್ಳಬಾರದು ಅಂತ ಕಾನೂನಲ್ಲೇ ಒಂದು ಮಾತಿದೆ. ಆದರೆ ಅದರ ಮೇಲೆ ಭಾರ ಹಾಕಿ ಯೋಜನೆ ಮಾಡೋಕಾಗಲ್ಲ. ಅಲ್ಲದೆ ನೀನು ಮೊದಲೇ ಗೊತ್ತಿದ್ದು ದಾಟಿದರೆ ಅದನ್ನ ಅಪರೂಪದ ದಾಟು ಅಂತ ಯಾರು ಒಪ್ತಾರೆ?

ತಮ್ಮ: ದಾಟಿದ ವಾರದ ಭತ್ಯೆ ಹೋಗಲಿ. ಅಷ್ಟೇ ತಾನೆ?

ಅಕ್ಕ: ಅಷ್ಟೇ ಅಲ್ಲ. ಇಲ್ಲೇ ತುಂಬಾ ಜನ ಎಡವೋದು. 15 ಗಂಟೆ ಮುಟ್ಟೋ ಕೆಲಸವನ್ನ ತಕ್ಷಣ ತಿಳಿಸದೇ ಇದ್ದರೆ ನೀನು ಮಾಡಿಸಿದ್ದ ನಿರುದ್ಯೋಗದ ನೋಂದಣಿಯೇ ಅವತ್ತಿಗೆ ಬಿದ್ದುಹೋಗುತ್ತೆ. ಆ ಕೆಲಸ ಒಂದೇ ವಾರಕ್ಕೆ ಮುಗಿದರೂ, ನೀನು ಮತ್ತೆ ಹೋಗಿ ನಿರುದ್ಯೋಗಿ ಅಂತ ನೋಂದಾಯಿಸೋವರೆಗೆ ಹಕ್ಕು ಇಲ್ಲ. ನೀನು ಹೇಳಿಲ್ಲ, ಹಾಗಾಗಿ ಮತ್ತೆ ನೋಂದಾಯಿಸಿಯೂ ಇಲ್ಲ. ಏಳು ತಿಂಗಳು ಬಿಟ್ಟು ವಿಷಯ ಹೊರಗೆ ಬಂತು ಅಂದರೆ, ಒಂದು ವಾರದ್ದಲ್ಲ, ಏಳು ತಿಂಗಳ ಭತ್ಯೆಯನ್ನ ವಾಪಸ್ ಕೇಳಬಹುದು. ಅದೇ ವಾರವನ್ನ ಮೊದಲೇ ಹೇಳಿದ್ದರೆ ಹೋಗ್ತಿದ್ದದ್ದು ಆ ವಾರದ ದುಡ್ಡು ಮಾತ್ರ. ನೋಡು, ಮುಚ್ಚಿಟ್ಟೋನಿಗೆ ಆಗೋ ನಷ್ಟಕ್ಕೂ ಹೇಳಿದೋನಿಗೆ ಆಗೋ ನಷ್ಟಕ್ಕೂ ಎಷ್ಟು ಅಂತರ!

ತಮ್ಮ: ಈ ಗೆರೆ ಯಾಕೆ ಹಾಕಿದರು ಅಂತಲೇ ಅರ್ಥ ಆಗಲ್ಲ. ಹದಿನಾಲ್ಕೂವರೆ ಗಂಟೆ ಮಾಡಿದರೆ ನಿರುದ್ಯೋಗಿ, ಇನ್ನರ್ಧ ಗಂಟೆ ಮಾಡಿದರೆ ಉದ್ಯೋಗಿ.

ಅಕ್ಕ: ಹಾಕಿದ ಕಾರಣ ಅರ್ಥ ಆಗುತ್ತೆ. ಭತ್ಯೆ ತಗೊಳ್ಳೋನು ಹೊಸ ನೌಕರಿಗೆ ಸಿದ್ಧವಾಗಿ ಇರಬೇಕು. ಸಂದರ್ಶನಕ್ಕೆ ಕರೆದರೆ ಹೋಗಬೇಕು, ಅರ್ಜಿ ಹಾಕ್ತಾ ಇರಬೇಕು, ಕಚೇರಿ ಕರೆದ ದಿನ ಬರಬೇಕು. ಅದಕ್ಕೆ ಸಮಯ ಉಳಿಯಲಿ ಅಂತ ಒಂದು ಮಿತಿ. ಆದರೆ ಆ ಮಿತಿ ಹಾಕಿದವರ ಕಣ್ಣ ಮುಂದೆ ಇದ್ದದ್ದು ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬರೋ ನೌಕರ. ಫ್ರೀಲಾನ್ಸ್ ಕೆಲಸ ಮಳೆಗಾಲದ ಹೊಳೆ ಇದ್ದ ಹಾಗೆ, ಬಂದರೆ ದಡ ಮೀರುತ್ತೆ, ಇಲ್ಲದಿದ್ದರೆ ಕಲ್ಲು ಕಾಣುತ್ತೆ. ತಿಂಗಳಿಗೆ 60 ಗಂಟೆ ಅಂತ ಮಿತಿ ಇಟ್ಟಿದ್ದರೆ ಅದೇ ಉದ್ದೇಶ ಸಾಧಿಸ್ತಿತ್ತು, ಪ್ರಾಮಾಣಿಕನಾಗಿ ಇರೋದೂ ಸುಲಭ ಆಗ್ತಿತ್ತು. ಇನ್ನೂ ಒಂದು ಅನ್ಯಾಯ ಇದೆ, ಇದನ್ನ ಯಾರೂ ಗಮನಿಸಲ್ಲ. ನಿನಗೆ ಒಟ್ಟು ಎಷ್ಟು ದಿನದ ಭತ್ಯೆ ಇದೆ?

ತಮ್ಮ: 24 ತಿಂಗಳು ದಾಟಿ ಕಟ್ಟಿದ್ದಕ್ಕೆ 12 ತಿಂಗಳು. ಪತ್ರದಲ್ಲಿ 360 ದಿನ ಅಂತಿದೆ.

ಅಕ್ಕ: ಫ್ರೀಲಾನ್ಸ್ ಆದಾಯದಿಂದ ನಿನ್ನ ಭತ್ಯೆ ಒಂದು ತಿಂಗಳು ಅರ್ಧಕ್ಕೆ ಇಳಿದರೂ ಆ 360ರಲ್ಲಿ 30 ದಿನ ಪೂರ್ತಿ ಖರ್ಚಾಗುತ್ತೆ. ಅರ್ಧ ದುಡ್ಡು ಕೊಟ್ಟು ಇಡೀ ದಿನ ಕಳೆದುಬಿಡ್ತಾರೆ. ಪಕ್ಕದ ಫ್ರಾನ್ಸಿನಲ್ಲಿ ಹಾಗಲ್ಲ. ಅಲ್ಲಿ ದುಡಿದದ್ದರ 70 ಪ್ರತಿಶತ ಭತ್ಯೆಯಿಂದ ಕಳೀತಾರೆ, ಆದರೆ ಆ ಕಡಿತದಿಂದ ಕೊಡದೇ ಉಳಿದ ದಿನಗಳು ಮುಂದಕ್ಕೆ ಹೋಗ್ತವೆ. ವಾರಕ್ಕೆ ಇಷ್ಟೇ ಗಂಟೆ ಅನ್ನೋ ಗೆರೆಯೂ ಇಲ್ಲ. ಕೆಲಸ ಕಳೆದುಕೊಂಡೋನು ಚೂರುಪಾರು ದುಡೀತಾ ಮತ್ತೆ ಕೆಲಸದ ದಾರಿಗೆ ಬರ್ತಾನೆ ಅನ್ನೋ ನಂಬಿಕೆ ಆ ಲೆಕ್ಕದಲ್ಲಿದೆ. ಇಲ್ಲಿನ ಲೆಕ್ಕದಲ್ಲಿ ಅದು ನನಗೆ ಕಾಣಲ್ಲ. ಚೂರುಪಾರು ದುಡಿಮೆ ಅಂದರೆ ಇಲ್ಲಿ ಏನೋ ಅನುಮಾನ.

ತಮ್ಮ: ಅಲ್ಲಿಗೆ ನನ್ನ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ. ಕಾನೂನೇ ಮುಚ್ಚಿಡು ಅಂತ ನೂಕುತ್ತೆ.

ಅಕ್ಕ: ನೂಕುತ್ತೆ, ಒಪ್ತೀನಿ. ಮುಚ್ಚಿಡೋನ ಮೇಲೆ ನನಗೆ ಕೋಪಕ್ಕಿಂತ ಮರುಕ ಜಾಸ್ತಿ. ಆದರೂ ಮುಚ್ಚಿಡಬೇಡ ಅಂತಲೇ ಹೇಳ್ತೀನಿ, ಹೆದರಿಕೆಗೆ ಮಾತ್ರ ಅಲ್ಲ. ಮುಚ್ಚಿಟ್ಟ ಕೆಲಸವನ್ನ ನಾಳೆ ಯಾರಿಗೂ ತೋರಿಸೋಕಾಗಲ್ಲ. ಬಯೋಡೇಟಾದಲ್ಲಿ ಬರೆಯೋಕಾಗಲ್ಲ, ಗಿರಾಕಿಯಿಂದ ಒಳ್ಳೇ ಮಾತು ಬರೆಸಿಕೊಳ್ಳೋಕಾಗಲ್ಲ, ಇನ್ನೊಬ್ಬ ಗಿರಾಕಿ ಕೇಳಿದರೆ ಹಳೇ ಬಿಲ್ ತೋರಿಸೋಕಾಗಲ್ಲ. ಭತ್ಯೆಯ ಕಾಲದಲ್ಲಿ ಫ್ರೀಲಾನ್ಸ್ ಮಾಡೋದರ ದೊಡ್ಡ ಲಾಭ ಆ ನಾಲ್ಕು ಕಾಸಲ್ಲ. ನಿನ್ನ ಹೆಸರಲ್ಲಿ ನಾಲ್ಕು ಜನಕ್ಕೆ ಕಾಣೋ ಕೆಲಸ ಹುಟ್ಟಿಕೊಳ್ಳೋದು. ಅದನ್ನೇ ಕತ್ತಲಲ್ಲಿಟ್ಟರೆ ಏನು ಗಳಿಸಿದ ಹಾಗಾಯ್ತು?

ತಮ್ಮ: ಅಂದರೆ ಬೆಂಗಳೂರಿನ ಕೆಲಸ ವಾರಕ್ಕೆ 12 ಗಂಟೆ ಅಂತ ಹಂಚಿಕೊಂಡು, ಎಲ್ಲ ತಿಳಿಸಿ ಮಾಡಿಬಿಡ್ತೀನಿ. 160 ಗಂಟೆ ಅಂದರೆ ಹೆಚ್ಚೂಕಡಿಮೆ ಮೂರು ತಿಂಗಳು.

ಅಕ್ಕ: ಮೊದಲು ಲೆಕ್ಕ ಹಾಕು. ತಿಂಗಳಿಗೆ 1,600 ಯೂರೋ ಬಿಲ್. 30 ಪ್ರತಿಶತ ಬಿಟ್ಟರೆ 1,120, ಅದರಲ್ಲಿ 165 ಕಳೆದರೆ 955 ಯೂರೋ ಪ್ರತಿ ತಿಂಗಳೂ ಕಡಿತ. ಮೂರು ತಿಂಗಳಿಗೆ 2,865. ನೀನು ಗಳಿಸಿದ 4,800ರಲ್ಲಿ ನಿನಗೆ ನಿಜವಾಗಿ ಉಳಿದದ್ದು 1,935. ಜೊತೆಗೆ 90 ದಿನದ ಹಕ್ಕು ಖರ್ಚಾಯ್ತು. ಈಗ ಇನ್ನೊಂದು ದಾರಿ ನೋಡು. ನಾಲ್ಕು ವಾರ ದಿನಕ್ಕೆ ಎಂಟು ಗಂಟೆ ಕೂತು ಇಡೀ ಕೆಲಸ ಮುಗಿಸಿಬಿಡು. ಶುರುವಾಗೋ ದಿನಕ್ಕೆ ಮೊದಲೇ ಕಚೇರಿಗೆ ಬರೆದುಕೊಡು: ಇಂಥ ದಿನದಿಂದ ಇಂಥ ದಿನದವರೆಗೆ ನಾನು ಪೂರ್ಣಾವಧಿ ಸ್ವಂತ ಕೆಲಸದಲ್ಲಿರ್ತೀನಿ, ಭತ್ಯೆ ನಿಲ್ಲಿಸಿ ಅಂತ. ಆ ನಾಲ್ಕು ವಾರದ ಭತ್ಯೆ ಬರಲ್ಲ. ಆದರೆ 4,800ರಲ್ಲಿ ಒಂದು ಕಾಸೂ ಕಡಿತ ಇಲ್ಲ, ಯಾಕಂದರೆ ಭತ್ಯೆ ತಗೊಳ್ಳೋ ಕಾಲದಲ್ಲಿ ಮಾಡಿದ ಕೆಲಸಕ್ಕೆ ಮಾತ್ರ ಕಡಿತ. ನಾಲ್ಕು ವಾರ ಮುಗಿದ ಮಾರನೇ ದಿನವೇ ಮತ್ತೆ ನೋಂದಾಯಿಸು. ಆ 28 ದಿನಗಳ ಹಕ್ಕು ಖರ್ಚಾಗದೇ ನಿನ್ನ ಹತ್ತಿರಾನೇ ಇರುತ್ತೆ. ಹಕ್ಕು ಹುಟ್ಟಿದ ದಿನದಿಂದ ನಾಲ್ಕು ವರ್ಷದೊಳಗೆ ಅದನ್ನ ಬಳಸಬಹುದು.

ತಮ್ಮ: ಪೂರ್ತಿ ಬಿಟ್ಟುಕೊಟ್ಟೋನಿಗೆ ಜಾಸ್ತಿ ಉಳಿಯುತ್ತೆ! ಇದನ್ನ ಯಾರೂ ಹೇಳಲಿಲ್ಲ.

ಅಕ್ಕ: ಎಲ್ಲರಿಗೂ ಇದೇ ಸರಿ ಅಂತಲ್ಲ. ತಿಂಗಳಿಗೆ ಇನ್ನೂರು ಮುನ್ನೂರು ಯೂರೋ ಕೆಲಸ ಬರೋನಿಗೆ ಭತ್ಯೆಯ ಜೊತೆಗೇ ಮಾಡೋದು ಒಳ್ಳೇದು. ನಿನ್ನ ಹಾಗೆ ಒಟ್ಟಿಗೆ ದೊಡ್ಡ ಕೆಲಸ ಬಂದಾಗ ಭತ್ಯೆಯಿಂದ ಬಿಡುವು ತಗೊಳ್ಳೋದು ಲಾಭ. ಅದರಲ್ಲೂ ಎಚ್ಚರ ಬೇಕು. ಭತ್ಯೆ ಬರೋವರೆಗೆ ನಿನ್ನ ಆರೋಗ್ಯ ವಿಮೆಯ ಕಂತು ಉದ್ಯೋಗ ಕಚೇರಿ ಕಟ್ಟುತ್ತೆ. ಆ ನಾಲ್ಕು ವಾರ ನೀನೇ ಕಟ್ಟಬೇಕಾಗುತ್ತೆ, ವಿಮಾ ಸಂಸ್ಥೆಗೆ ಮೊದಲೇ ಫೋನ್ ಮಾಡಿ ಎಷ್ಟು ಅಂತ ಕೇಳು. ಬಿಲ್ಲಿನ ಮೇಲೆ ಕೆಲಸ ಮಾಡಿದ ತಾರೀಕುಗಳನ್ನ ಬರಿ. ಬೆಂಗಳೂರಿನವರು ದುಡ್ಡು ಕಳಿಸೋದು ಎರಡು ತಿಂಗಳು ತಡ ಮಾಡ್ತಾರೆ ಅಂತಿಟ್ಟುಕೋ, ಅಷ್ಟು ಹೊತ್ತಿಗೆ ನೀನು ಮತ್ತೆ ಭತ್ಯೆಯಲ್ಲಿರ್ತೀಯ. ಆಗ ಈ ದುಡ್ಡು ಯಾವ ಕಾಲದ ಕೆಲಸದ್ದು ಅಂತ ತೋರಿಸೋಕೆ ಒಪ್ಪಂದ, ಬಿಲ್ಲು, ಮಿಂಚಂಚೆ ಎಲ್ಲ ಕೈಲಿರಬೇಕು. ತೆರಿಗೆ ಇಲಾಖೆಗೂ ಸ್ವತಂತ್ರ ವೃತ್ತಿ ಶುರು ಮಾಡಿದ ಒಂದು ತಿಂಗಳೊಳಗೆ ತಿಳಿಸಬೇಕು.

ತಮ್ಮ: ಅದರ ಬದಲು ನಾಲ್ಕು ವಾರ ಬೆಂಗಳೂರಿಗೇ ಹೋಗಿ, ಅವರ ಆಫೀಸಲ್ಲೇ ಕೂತು ಮುಗಿಸಿಕೊಂಡು ಬಂದರೆ? ಅಮ್ಮನ್ನೂ ನೋಡಿದ ಹಾಗಾಗುತ್ತೆ.

ಅಕ್ಕ: ಭತ್ಯೆ ನಿಲ್ಲಿಸಿದ್ದರೆ ಉದ್ಯೋಗ ಕಚೇರಿಯ ತಕರಾರಿಲ್ಲ. ಭತ್ಯೆ ಬರ್ತಿರೋವಾಗ ಹೋಗೋದಾದರೆ ಮೊದಲೇ ಒಪ್ಪಿಗೆ ಬೇಕು, ಅದೂ ವರ್ಷಕ್ಕೆ ಮೂರು ವಾರ ಮಾತ್ರ. ಹೇಳದೇ ವಿಮಾನ ಹತ್ತಿ, ಕಚೇರಿಯ ಕರೆಗೆ ತುಮಕೂರಿಂದ ಉತ್ತರ ಕೊಡೋ ಕೆಲಸ ಮಾಡಬೇಡ. ಆದರೆ ನಿನ್ನ ವಿಷಯದಲ್ಲಿ ಇದೆಲ್ಲಕ್ಕಿಂತ ಮುಂಚಿನ ಬಾಗಿಲು ಬೇರೆ ಇದೆ. ನಿನ್ನದು ಬ್ಲೂ ಕಾರ್ಡ್.

ತಮ್ಮ: ಕೆಲಸ ಹೋದದ್ದನ್ನ ವಾಸದ ಪರವಾನಗಿ ನೋಡಿಕೊಳ್ಳೋ ನಗರದ ಕಚೇರಿಗೆ, ಕೆ.ವಿ.ಆರ್.ಗೆ ತಿಳಿಸಿದ್ದೀನಿ. ಎರಡು ವಾರದೊಳಗೆ ನಾವೇ ಹೇಳಬೇಕು ಅಂತ ನೀವು ಅವತ್ತೇ ಎಚ್ಚರಿಸಿದ್ದಿರಿ.

ಅಕ್ಕ: ಒಳ್ಳೇದು ಮಾಡಿದೆ. ಬ್ಲೂ ಕಾರ್ಡ್ ನೌಕರಿಗೆ ಕೊಟ್ಟ ಪರವಾನಗಿ. ಸ್ವಂತ ವೃತ್ತಿ ಮಾಡೋಕೆ ಅದರಲ್ಲಿ ತಾನಾಗೇ ಹಕ್ಕಿಲ್ಲ, ಪ್ರತ್ಯೇಕ ಅನುಮತಿ ಕೇಳಬೇಕು. ಕಾಯಂ ವಾಸದ ಪರವಾನಗಿ ಸಿಕ್ಕವರಿಗೆ ಈ ತೊಡಕಿಲ್ಲ. ಅವರು ಹೇಳೋದನ್ನ ಕೇಳಿಕೊಂಡು ನಿನ್ನ ಹಾಗಿರೋರು ನೇರ ಶುರು ಮಾಡಿಬಿಡ್ತಾರೆ. ಉದ್ಯೋಗ ಕಚೇರಿ ಒಪ್ಪಿದರೆ ಸಾಕು ಅಂತಲೂ ಕೆಲವರು ಅಂದುಕೊಳ್ತಾರೆ. ಅವರದ್ದು ಭತ್ಯೆಯ ಲೆಕ್ಕ, ಕೆ.ವಿ.ಆರ್.ನವರದ್ದು ವಾಸದ ಲೆಕ್ಕ. ಒಬ್ಬರ ಒಪ್ಪಿಗೆ ಇನ್ನೊಬ್ಬರನ್ನ ಕಟ್ಟಿಹಾಕಲ್ಲ.

ತಮ್ಮ: ಪಕ್ಕದ ಕೆಲಸವಾಗಿ ಮಾಡ್ತೀನಿ ಅಂದರೆ ಅನುಮತಿ ಕೊಡಬಹುದು. ನಾಲ್ಕು ವಾರ ಪೂರ್ಣಾವಧಿ ಅಂದರೆ?

ಅಕ್ಕ: ಅದಕ್ಕೇ ನೀನು ಎರಡನ್ನೂ ಬಿಡಿಸಿ ಕೇಳಬೇಕು. ವಾರಕ್ಕೆ 15 ಗಂಟೆಯೊಳಗಿನ ಸ್ವಂತ ಕೆಲಸಕ್ಕೆ ಅನುಮತಿ ಬೇಕು ಅಂತ ಒಂದು. ನಾಲ್ಕು ವಾರ ಭತ್ಯೆ ನಿಲ್ಲಿಸಿ ಪೂರ್ಣಾವಧಿ ಮಾಡಬಹುದಾ ಅಂತ ಇನ್ನೊಂದು. ಒಪ್ಪಂದದ ಕರಡು ಲಗತ್ತಿಸು. ನೌಕರಿ ಹುಡುಕ್ತಾ ಇದ್ದೀನಿ ಅನ್ನೋದಕ್ಕೆ ಹಾಕಿದ ಅರ್ಜಿಗಳ ಪಟ್ಟಿ ಜೊತೆಗಿಡು. ಅವರು ಎರಡನೇದಕ್ಕೆ ಬೇಡ ಅಂದರೆ ಮೂರು ತಿಂಗಳ ದಾರಿಯೇ ಗತಿ, 1,935 ಯೂರೋ ಬರಲಿ, ಕೈಪಿಡಿ ನಿನ್ನ ಹೆಸರಲ್ಲಿರುತ್ತೆ.

ತಮ್ಮ: ಮುಂದೆ ಪೂರ್ತಿ ಇದನ್ನೇ ವೃತ್ತಿ ಮಾಡಿಕೊಳ್ಳೋ ಆಸೆಯೂ ಇದೆ ಅಕ್ಕಾ. ಹಾಗೆ ಹೊರಡೋರಿಗೆ ಸಹಾಯಧನ ಇದೆ ಅಂತಾರಲ್ಲ.

ಅಕ್ಕ: ಇದೆ. ಪೂರ್ಣಾವಧಿ ಸ್ವಂತ ವೃತ್ತಿಗೆ ಇಳಿಯೋ ನಿರುದ್ಯೋಗಿಗೆ ಆರು ತಿಂಗಳು ಭತ್ಯೆಯಷ್ಟೇ ದುಡ್ಡು, ಅದರ ಮೇಲೆ ತಿಂಗಳಿಗೆ 300 ಯೂರೋ. ಆಮೇಲೆ ವೃತ್ತಿ ನಡೀತಾ ಇದೆ ಅಂತ ತೋರಿಸಿದರೆ ಇನ್ನೂ ಒಂಬತ್ತು ತಿಂಗಳು 300. ಆದರೆ ವೃತ್ತಿ ಶುರು ಮಾಡೋ ದಿನ ಭತ್ಯೆಯ ಹಕ್ಕು ಇನ್ನೂ ಕನಿಷ್ಠ 150 ದಿನ ಉಳಿದಿರಬೇಕು. ನಿನ್ನ ವೃತ್ತಿಯ ಯೋಜನೆ ನಡೆಯೋ ಹಾಗಿದೆ ಅಂತ ತೆರಿಗೆ ಸಲಹೆಗಾರರೋ ವಾಣಿಜ್ಯ ಮಂಡಳಿಯೋ ಬರೆದುಕೊಡಬೇಕು. ಅರ್ಜಿಯನ್ನ ಶುರು ಮಾಡೋಕೆ ಮೊದಲೇ ಕೊಡಬೇಕು. 2011ರ ಕೊನೆಯವರೆಗೆ ಷರತ್ತು ಪೂರೈಸಿದವರಿಗೆ ಇದು ಹಕ್ಕಾಗಿತ್ತು. ಆಮೇಲೆ ಅಧಿಕಾರಿಯ ವಿವೇಚನೆಗೆ ಬಿಟ್ಟರು, ನೌಕರಿ ಸಿಗೋ ಹಾಗಿದೆ ನಿನಗೆ ಅಂತ ಅವರಿಗೆ ಅನ್ನಿಸಿದರೆ ಇಲ್ಲ ಅನ್ನಬಹುದು. ಹುಷಾರಾಗಿರೋನಿಗೆ, ಒಳ್ಳೇ ಓದಿರೋನಿಗೆ ಅದೇ ಕಾರಣಕ್ಕೆ ಇಲ್ಲ ಅನ್ನೋದು ನನಗೆ ಸರಿ ಕಾಣಲ್ಲ. ಆದರೂ ನೀನು ಈಗಿನಿಂದಲೇ ಕೇಳ್ತಾ ಇರು. ಸಣ್ಣ ಕೆಲಸ ಮಾಡೋವಾಗ ಬಿಲ್ಲು, ಗಿರಾಕಿಯ ಪತ್ರ ಎಲ್ಲ ಜೋಡಿಸಿಟ್ಟರೆ, ಅವತ್ತು ಮೇಜಿನ ಮೇಲೆ ಇಡೋಕೆ ಏನಾದರೂ ಇರುತ್ತೆ. 150 ದಿನದ ಲೆಕ್ಕ ಮಾತ್ರ ಮರೀಬೇಡ. ದಿನಗಳನ್ನ ಉಳಿಸಿಕೊಳ್ಳೋ ದಾರಿಗೆ ನಾನು ಅಷ್ಟು ಒತ್ತು ಕೊಟ್ಟದ್ದು ಅದಕ್ಕೂ ಸೇರಿ.

ತಮ್ಮ: ಅಪ್ಪನಿಗೆ ಏನು ಹೇಳಲಿ?

ಅಕ್ಕ: ಸಂಬಳದ ಚೀಟಿಯ ಆ ಸಾಲನ್ನ ಫೋಟೋ ತೆಗೆದು ಕಳಿಸು. ತಿಂಗಳಿಗೆ 73 ಯೂರೋ, ಎರಡೂವರೆ ವರ್ಷ. ಲೆಕ್ಕ ಅವರೇ ಹಾಕಿಕೊಳ್ತಾರೆ.

ತಮ್ಮ: ಬೆಂಗಳೂರಿನವರು ಸೋಮವಾರದಿಂದಲೇ ಶುರು ಮಾಡಿ ಅಂದಿದ್ದಾರೆ.

ಅಕ್ಕ: ಸೋಮವಾರ ಆಗಲ್ಲ. ಕೆ.ವಿ.ಆರ್. ಉತ್ತರ ಬಂದ ಮೇಲೆ ತಾರೀಕು ಹೇಳ್ತೀನಿ ಅಂತ ಬರಿ. ಅಲ್ಲಿವರೆಗೆ ಅವರ ಉಪಕರಣದ ಒಂದು ಪುಟವನ್ನೂ ಬರೆದುಕೊಡಬೇಡ, ಪುಕ್ಕಟೆಯಾಗಿಯೂ ಬೇಡ. ಪತ್ರ ಇಲ್ಲೇ ಶುರು ಮಾಡು, ಜರ್ಮನ್ ನಾನು ತಿದ್ದಿಕೊಡ್ತೀನಿ. ಮೊದಲ ಸಾಲಲ್ಲಿ ಬ್ಲೂ ಕಾರ್ಡಿನ ಸಂಖ್ಯೆ ಹಾಕು, ಎರಡನೇ ಸಾಲಲ್ಲಿ ಕೆಲಸ ಹೋದ ತಾರೀಕು, ಆಮೇಲೆ ನಿನ್ನ ಎರಡು ಪ್ರಶ್ನೆ.